ಬಿಸ್ಕೂಪಿನ್ ಗ್ರಾಮದ ಪೂರ್ವವೃತ್ತಾಂತ

ರಾಜಧಾನಿಗಳ ಚರಿತ್ರೆಯನ್ನು ಬರೆದವರು ಬಹುಮಂದಿ. ಹಳ್ಳಿಗಳ ಚರಿತ್ರೆಯನ್ನು ಬರೆದವರು ವಿರಳ. ರಾಜಧಾನಿಗೆ ಶಾಸನವುಂಟು, ಅರಮನೆಯುಂಟು, ಆಸ್ಥಾನಕವಿಯುಂಟು. ಹಳ್ಳಿಗೆ ಇವೊಂದೂ ಇಲ್ಲ. ಅದರ ಚರಿತ್ರೆಯು ಬಹುಮಟ್ಟಿಗೆ ಅದರ ಮಣ್ಣಿನಲ್ಲಿಯೇ ಹುದುಗಿರುವುದು. ಅಗೆದು ನೋಡುವವರು ಬರುವವರೆಗೆ ಅದು ಮೌನವಾಗಿಯೇ ಇರುವುದು. ಆದರೆ ಹಾಗೆ ಹೊರಬಂದ ಒಂದು ಹಳ್ಳಿಯ ಪುರಾತನ ಅವಶೇಷಗಳು ಎರಡು ರಾಷ್ಟ್ರಗಳ ವಿವಾದಕ್ಕೆ ಗುರಿಯಾಗಿ, ‘ಈ ನೆಲವು ಯಾರದು?’ ಎಂಬ ಪ್ರಶ್ನೆಗೆ ಸಾಕ್ಷಿ ಹೇಳುವಂತೆ ಬಲವಂತಕ್ಕೊಳಗಾದುದೂ ಉಂಟು. ಪೋಲೆಂಡ್ ದೇಶದ ಬಿಸ್ಕೂಪಿನ್ ಎಂಬ ಸಣ್ಣ ಗ್ರಾಮದ ಕಥೆಯು ಇಂತಹುದು. ಅಲ್ಲಿ ವಾಸಿಸುವ ಜನರ ಸಂಖ್ಯೆ ಕೆಲವೇ ನೂರು; ಆದರೆ ಆ ಊರಿನ ಸರೋವರದ ಅಂಚಿನಲ್ಲಿ ದೊರೆತ ಮರದ ದಿಮ್ಮಿಗಳ ವಯಸ್ಸು ಎರಡು ಸಾವಿರದ ಏಳುನೂರು ವರ್ಷಗಳಿಗೂ ಮಿಕ್ಕಿದೆ.

ಮೊದಲು ಗ್ರಾಮದ ಸನ್ನಿವೇಶವನ್ನು ಅರಿಯುವುದು ಯುಕ್ತ. ಪೋಲೆಂಡ್ ದೇಶದ ಬಹುಭಾಗವು ಬಯಲು ಸೀಮೆ. ದಕ್ಷಿಣದಲ್ಲಿ ಕಾರ್ಪೇಥಿಯನ್ ಪರ್ವತಗಳು, ಉತ್ತರದಲ್ಲಿ ಬಾಲ್ಟಿಕ್ ಸಮುದ್ರ. ಇವೆರಡರ ನಡುವೆ ಹಾಸಿದಂತಿರುವ ಸಮತಲವಾದ ಭೂಮಿ. ಈ ಬಯಲಿನ ವಾಯವ್ಯ ಭಾಗದಲ್ಲಿ ಪೊಜ್ನಾನ್ ನಗರಕ್ಕೂ ಬಿದ್ಗೊಷ್ಚ್ ನಗರಕ್ಕೂ ನಡುವಣ ಪ್ರದೇಶಕ್ಕೆ ಪವೂಕಿ ಸೀಮೆಯೆಂದು ಹೆಸರು. ಬಿಸ್ಕೂಪಿನ್ ಈ ಸೀಮೆಗೆ ಸೇರಿದುದು. ಝ್ನಿನ್ ಎಂಬ ಪಟ್ಟಣವು ಅದರ ಉತ್ತರಕ್ಕೂ, ಗೋನ್ಸಾವಾ ಎಂಬ ಊರು ಅದರ ದಕ್ಷಿಣಕ್ಕೂ ಸಮೀಪದಲ್ಲಿಯೇ ಇವೆ. ಪೋಲೆಂಡಿನ ಮೊದಲ ಆರ್ಚ್‌ಬಿಷಪ್ ಪೀಠವು ಕ್ರಿ.ಶ. ೧೦೦೦ದಲ್ಲಿ ಸ್ಥಾಪಿತವಾದ ಗ್ನೆಜ್ನೊ ನಗರವೂ ಬಹುದೂರವಲ್ಲ.

ಈ ಸೀಮೆಯಲ್ಲಿ ಸರೋವರಗಳು ಅಸಂಖ್ಯಾತ. ಅವುಗಳನ್ನು ಮನುಷ್ಯನು ಕಟ್ಟಿದುದಲ್ಲ. ಬಹುಪುರಾತನ ಕಾಲದಲ್ಲಿ ಉತ್ತರ ಯೂರೋಪನ್ನು ಆವರಿಸಿದ್ದ ಹಿಮರಾಶಿಯು ಕರಗಿ ಹಿಂದೆ ಸರಿಯುವಾಗ, ಅದರ ತಳದಲ್ಲಿ ಹರಿದ ನೀರು ನೆಲವನ್ನು ಕೊರೆದು ನೀಳವಾದ ಕಣಿವೆಗಳನ್ನು ಉಂಟುಮಾಡಿತು. ಆ ಕಣಿವೆಗಳಲ್ಲಿ ನೀರು ನಿಂತು ಸರೋವರಗಳಾದವು. ಬಿಸ್ಕೂಪಿನ್ ಸರೋವರವು ಇಂತಹವುಗಳಲ್ಲಿ ಒಂದು. ಗೋನ್ಸಾಫ್ಕಾ ಎಂಬ ಕಿರುಹೊಳೆಯು ಇದರೊಳಗೆ ಹಾದು ಉತ್ತರಕ್ಕೆ ಹರಿದು ನೋತೆಚ್ ನದಿಯನ್ನು ಸೇರುತ್ತದೆ. ನೋತೆಚ್ ವಾರ್ತಾ ನದಿಯನ್ನೂ, ವಾರ್ತಾ ಓಡರ್ ನದಿಯನ್ನೂ ಕೂಡಿ, ಕಡೆಗೆ ಆ ನೀರು ಬಾಲ್ಟಿಕ್ ಸಮುದ್ರಕ್ಕೆ ಸೇರುವುದು. ಸರೋವರಗಳು ಬಹಳವಾದರೂ ಮಳೆ ಮಾತ್ರ ಕಡಿಮೆ. ಪೋಲೆಂಡಿನಲ್ಲಿ ಅತ್ಯಲ್ಪ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ವರ್ಷಕ್ಕೆ ಸುಮಾರು ೫೦೦ ಮಿಲಿಮೀಟರು ಮಾತ್ರ. ಗೋಧಿ, ರೈ ಧಾನ್ಯ, ಸಕ್ಕರೆಗೆಡ್ಡೆ ಇವು ಅಲ್ಲಿನ ಮುಖ್ಯವಾದ ಬೆಳೆಗಳು. ಚಳಿಗಾಲದಲ್ಲಿ ಸರೋವರವು ಹೆಪ್ಪುಗಟ್ಟುವುದುಂಟು.

ಗ್ರಾಮನಾಮದ ನಿಷ್ಪತ್ತಿಯು ಸ್ಪಷ್ಟವಾಗಿದೆ. ಪೋಲಿಷ್ ಭಾಷೆಯಲ್ಲಿ ‘ಬಿಸ್ಕುಪ್’ ಎಂದರೆ ಬಿಷಪ್, ಎಂದರೆ ಕ್ರೈಸ್ತ ಧರ್ಮಾಧಿಕಾರಿ. ‘ಬಿಸ್ಕೂಪಿನ್’ ಎಂದರೆ ಅಂತಹ ಧರ್ಮಾಧಿಕಾರಿಗೆ ಸೇರಿದ ಊರು. ಕ್ರಿ.ಶ. ೧೧೩೬ರಲ್ಲಿ ಗ್ನೆಜ್ನೊ ಪೀಠದ ಆಸ್ತಿಪಾಸ್ತಿಗಳನ್ನು ದೃಢೀಕರಿಸಿ ಪೋಪ್ ಗುರುವು ಹೊರಡಿಸಿದ ಶಾಸನವೊಂದುಂಟು. ಲ್ಯಾಟಿನ್ ಭಾಷೆಯ ಆ ಪತ್ರದಲ್ಲಿ ನೂರಾರು ಪೋಲಿಷ್ ಊರುಗಳ ಹಾಗೂ ವ್ಯಕ್ತಿಗಳ ಹೆಸರುಗಳು ಬಂದಿರುವುದರಿಂದ ಪೋಲಿಷ್ ಭಾಷೆಯ ಇತಿಹಾಸವನ್ನು ಬರೆಯುವವರಿಗೆ ಅದು ಅಮೂಲ್ಯವಾದ ಆಧಾರವಾಗಿದೆ. ದಾನಶಾಸನಗಳಲ್ಲಿ ಸಂಸ್ಕೃತ ವಾಕ್ಯಗಳ ನಡುವೆ ಸಿಕ್ಕುವ ಊರುಕೇರಿಗಳ ದೇಶ್ಯ ನಾಮಗಳು ಕನ್ನಡ ಭಾಷೆಯ ಚರಿತ್ರೆಗೆ ಎಷ್ಟು ಉಪಕಾರಕವೆಂಬುದನ್ನು ಬಲ್ಲವರಿಗೆ ಇದರ ಬೆಲೆಯು ಸುಲಭವಾಗಿ ಅರಿವಾಗುವುದು. ಬಿಸ್ಕೂಪಿನ್ ಗ್ರಾಮವು ಈ ಪತ್ರದಲ್ಲಿ ‘ಹಳೆಯ ಬಿಷಪ್ ಜನರ ಊರು’ ಎಂಬರ್ಥದ ಹೆಸರಿನಿಂದ ಬಂದಿದೆ. ಹನ್ನೆರಡನೆಯ ಶತಮಾನದಲ್ಲಿಯೇ ಇದು ‘ಹಳೆಯ’ ಊರೆನಿಸಿತ್ತು ಎಂಬುದನ್ನು ಗಮನಿಸತಕ್ಕದ್ದು.

ಮಧ್ಯಯುಗದ ರಾಜಕೀಯದಲ್ಲಿ ಈ ಸೀಮೆಯ ಹೆಸರು ಒಮ್ಮೆ ದುಃಖಕರವಾದ ರೀತಿಯಲ್ಲಿ ಕೇಳಿಬರುತ್ತದೆ. ಪೋಲೆಂಡ್ ರಾಜ್ಯವು ಒಂದೇ ವಂಶದ ದಾಯಾದಿಗಳಲ್ಲಿ ಹಂಚಿಹೋಗಿದ್ದ ಕಾಲ. ೧೨೨೭ರ ನವೆಂಬರಿನಲ್ಲಿ ಆ ದಾಯಾದಿಗಳು ತಮ್ಮ ವ್ಯಾಜ್ಯಗಳನ್ನು ತೀರಿಸಿಕೊಳ್ಳುವುದಕ್ಕಾಗಿ ಗೋನ್ಸಾವಾದಲ್ಲಿ ಸಭೆ ಸೇರಿದ್ದರು. ಅಲ್ಲಿ ಅನಿರೀಕ್ಷಿತವಾಗಿ ಶತ್ರುಗಳು ಮೇಲೆ ಬೀಳಲು, ‘ಶ್ವೇತ’ನೆಂಬ ಬಿರುದಿನ ಲೇಶೆಕ್ ರಾಜನು ಕುದುರೆಯೇರಿ ಪಲಾಯನ ಮಾಡಿ, ಸಮೀಪದ ಮಾರ್ತ್ಸಿಂಕೋವೊ ಎಂಬ ಹಳ್ಳಿಯ ಬಳಿ ಹತನಾದನು. ಅವನ ಮರಣದಿಂದ ರಾಜ್ಯದ ಐಕ್ಯವು ಇನ್ನಷ್ಟು ದೂರವಾಯಿತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಪೋಲೆಂಡನ್ನು ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ರಾಜ್ಯಗಳು ಮೂರು ಸಲವಾಗಿ ಹಂಚಿಕೊಂಡವು. ೧೭೯೫ರಲ್ಲಿ ಭೂಪಟದಿಂದ ಆ ದೇಶದ ಹೆಸರೇ ಅಳಿಸಿಹೋಯಿತು. ಪವೂಕಿ ಸೀಮೆಯು ಪ್ರಷ್ಯದ ಪಾಲಿಗೆ ಬಂದಿತು. ನೆಪೋಲಿಯನ್ನನ ಕಾಲದ ಸ್ವಲ್ಪ ವರ್ಷಗಳನ್ನು ಬಿಟ್ಟರೆ, ೧೯೧೮ನೆಯ ವರ್ಷದ ಕೊನೆಯವರೆಗೂ ಇಲ್ಲಿ ಜರ್ಮನರ ಆಳ್ವಿಕೆಯೇ ನಡೆಯಿತು. ೧೮೯೪ರಲ್ಲಿ ಝ್ನಿನ್ ಪಟ್ಟಣದಲ್ಲಿ ಸಕ್ಕರೆ ಕಾರ್ಖಾನೆಯೂ, ಸಕ್ಕರೆಗೆಡ್ಡೆಯನ್ನೂ ಜನರನ್ನೂ ಸಾಗಿಸುವುದಕ್ಕಾಗಿ ಸಣ್ಣ ಹಳಿಯ ರೈಲುದಾರಿಯೂ ಏರ್ಪಟ್ಟವು. ಹಳಿಗಳ ನಡುವಣ ಅಂತರವು ೬೦ ಸೆಂಟಿಮೀಟರು ಮಾತ್ರ. ಈಗ ಅದೇ ಹಳಿಯ ಮೇಲೆ ಯಾತ್ರಿಕರ ಬಂಡಿಗಳು ಬಿಸ್ಕೂಪಿನ್ನಿಗೆ ಹೋಗುತ್ತವೆ. ೧೯೧೮-೧೯ರ ಚಳಿಗಾಲದಲ್ಲಿ ಈ ಪ್ರಾಂತದ ಪೋಲಿಷ್ ಜನರು ಆಯುಧ ಹಿಡಿದು ಎದ್ದು, ಪುನರ್ಜನ್ಮ ಪಡೆದ ತಮ್ಮ ದೇಶಕ್ಕೆ ಸೇರಿಕೊಂಡರು.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ೧೯೩೩ರಲ್ಲಿ ನಡೆದ ಸಂಗತಿಯ ಮಹತ್ವವು ತಿಳಿಯುವುದು. ಆಗ ಬಿಸ್ಕೂಪಿನ್ ಶಾಲೆಯಲ್ಲಿ ವಾಲೆಂತಿ ಶ್ವಾಯ್ತ್ಸರ್ ಎಂಬ ತರುಣ ಉಪಾಧ್ಯಾಯನಿದ್ದನು. ಹೊಳೆಯ ಪಾತ್ರವನ್ನು ತಿದ್ದಿದುದರಿಂದಲೂ ಮಳೆಯ ಅಭಾವದಿಂದಲೂ ಸರೋವರದ ನೀರು ಇಳಿದಿತ್ತು. ವಿದ್ಯಾರ್ಥಿಗಳೊಡನೆ ದಡದಲ್ಲಿ ತಿರುಗಾಡುತ್ತಿದ್ದ ಉಪಾಧ್ಯಾಯನ ಕಣ್ಣಿಗೆ, ನೀರಿನಿಂದ ಓರೆಯಾಗಿ ಮೇಲೆದ್ದಿದ್ದ ಮರದ ಗೂಟಗಳು ಬಿದ್ದವು. ಸೌದೆಯಂತೆ ಉರಿಸುವುದಕ್ಕಾಗಿ ಜೌಗುನೆಲದ ಕಪ್ಪುಮಣ್ಣನ್ನು ಅಗೆಯುತ್ತಿದ್ದ ರೈತರಿಗೆ ಮರದ ತುಂಡುಗಳೂ ಮಡಕೆಯ ಚೂರುಗಳೂ ಮೊದಲೇ ಸಿಕ್ಕುತ್ತಿದ್ದವು. ಯಾರೂ ಅವನ್ನು ಲಕ್ಷಿಸಿರಲಿಲ್ಲ. ಶ್ವಾಯ್ತ್ಸರನು ಮಾತ್ರ ಆ ಗೂಟಗಳಲ್ಲಿ ಮನುಷ್ಯನ ಕೈಚಳಕವನ್ನು ಕಂಡು, ಪೊಜ್ನಾನ್ ನಗರದ ವಿದ್ವಾಂಸರಿಗೆ ವರ್ತಮಾನ ಮುಟ್ಟಿಸಿದನು. ಅವನು ಪ್ರಾಕ್ತನ ವಿಮರ್ಶೆಯನ್ನು ವೃತ್ತಿಯಾಗಿ ಕೈಕೊಂಡವನಲ್ಲ. ಮಕ್ಕಳಿಗೆ ಪಾಠ ಹೇಳುವವನು. ಕಂಡುದನ್ನು ಕಂಡಂತೆ ಗುರುತಿಸಿ, ತನಗಿಂತ ಹೆಚ್ಚು ತಿಳಿದವರಿಗೆ ತಿಳಿಸಿದುದೇ ಅವನು ಮಾಡಿದ ಉಪಕಾರ. ಅಷ್ಟು ಮಾಡದೆ ಹೋಗಿದ್ದರೆ ಆ ದಿಮ್ಮಿಗಳಲ್ಲಿ ಎಷ್ಟು ಒಲೆಗೆ ಹೋಗುತ್ತಿದ್ದವೋ ಹೇಳುವಂತಿಲ್ಲ.

ಪೊಜ್ನಾನ್ ವಿಶ್ವವಿದ್ಯಾಲಯದ ಪಂಡಿತ ಯೂಜೆಫ್ ಕೊಸ್ತ್ಶೆಫ್ಸ್ಕಿಯು ೧೯೩೪ರಲ್ಲಿ ಉತ್ಖನನವನ್ನು ಆರಂಭಿಸಿದನು. ಸ್ಥಳದ ಕೆಲಸದಲ್ಲಿ ಅವನ ಶಿಷ್ಯ ಜ್ದಿಸ್ವಾಫ್ ರಾಯೆಫ್ಸ್ಕಿಯು ಅವನ ಬಲಗೈಯಂತಿದ್ದನು. ಆ ಕಾಲಕ್ಕೆ ಹೊಸದಾದ ಸಾಧನಗಳನ್ನೆಲ್ಲ ಅವರು ಉಪಯೋಗಿಸಿದರು. ಹಗ್ಗದಿಂದ ಕಟ್ಟಿದ ಬೆಲೂನನ್ನು ಮೇಲಕ್ಕೆ ಬಿಟ್ಟು, ಅದರಿಂದ ಅಗೆತದ ನೆಲದ ಛಾಯಾಚಿತ್ರಗಳನ್ನು ತೆಗೆದರು. ಸರೋವರದ ತಳವನ್ನು ಶೋಧಿಸಲು ಮುಳುಗುಗಾರರನ್ನು ಇಳಿಸಿದರು. ಸಸ್ಯಶಾಸ್ತ್ರಜ್ಞರೂ ಪ್ರಾಣಿಶಾಸ್ತ್ರಜ್ಞರೂ ಬಂದು ಬೀಜಗಳನ್ನೂ ಎಲುಬುಗಳನ್ನೂ ಪರೀಕ್ಷಿಸಿದರು. ನೋಡುವುದಕ್ಕೆ ದೇಶದ ನಾನಾ ಕಡೆಗಳಿಂದ ಜನರು ತಂಡತಂಡವಾಗಿ ಬಂದರು. ವೃತ್ತಪತ್ರಿಕೆಗಳು ಈ ಸ್ಥಳವನ್ನು ‘ಪೋಲೆಂಡಿನ ಪಾಂಪೇ’ ಎಂದು ಕೊಂಡಾಡಿದವು.

ಅಗೆದಾಗ ಕಂಡುಬಂದುದೇನು? ಈಗ ಸರೋವರಕ್ಕೆ ಚಾಚಿಕೊಂಡಿರುವ ಪರ್ಯಾಯದ್ವೀಪವು ಪೂರ್ವದಲ್ಲಿ ಸುಮಾರು ಎರಡು ಹೆಕ್ಟೇರು ವಿಸ್ತಾರದ ದ್ವೀಪವಾಗಿತ್ತು. ಅದರ ಮೇಲೆ ಒಂದು ಇಡೀ ಊರನ್ನು ಮರದಿಂದಲೇ ಕಟ್ಟಲಾಗಿತ್ತು. ಸುತ್ತಲೂ ಸುಮಾರು ೪೫೦ ಮೀಟರು ಉದ್ದದ ಕೋಟೆ. ಕಲ್ಲಿಲ್ಲದ ನಾಡಿನಲ್ಲಿ ಕೋಟೆ ಕಟ್ಟುವ ಬಗೆಯು ವಿಚಾರಾರ್ಹವಾಗಿದೆ. ಓಕ್ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಹಾಕಿ ಪೆಟ್ಟಿಗೆಗಳ ಸಾಲುಗಳನ್ನು ಮಾಡಿ, ಆ ಪೆಟ್ಟಿಗೆಗಳಲ್ಲಿ ಮಣ್ಣನ್ನೂ ಮರಳನ್ನೂ ತುಂಬಿದ್ದರು. ಗೋಡೆಯ ಅಗಲವು ಮೂರು ಮೀಟರಿಗೂ ಹೆಚ್ಚು. ಕೋಟೆಯ ಬುಡವನ್ನು ಅಲೆಗಳೂ ಚಳಿಗಾಲದ ಹಿಮಗಡ್ಡೆಗಳೂ ಕೊರೆಯದಂತೆ ನೀರಿನಲ್ಲಿ ಸಾವಿರಾರು ಗೂಟಗಳನ್ನು ಓರೆಯಾಗಿ, ಸಾಲುಸಾಲಾಗಿ ನೆಟ್ಟಿದ್ದರು. ಉಪಾಧ್ಯಾಯನು ಮೊದಲು ಕಂಡುದು ಈ ಗೂಟಗಳನ್ನೇ. ಊರಿಗೆ ಒಂದೇ ಹೆಬ್ಬಾಗಿಲು. ಅಲ್ಲಿಂದ ದಡಕ್ಕೆ ಮರದ ಸೇತುವೆ.

ಒಳಗೆ ಕೋಟೆಯನ್ನು ಅನುಸರಿಸಿ ಸುತ್ತುಬೀದಿ; ಅದರಿಂದ ಒಂದಕ್ಕೊಂದು ಸಮಾನಾಂತರವಾಗಿ ಹೊರಟ ಹನ್ನೊಂದು ಅಡ್ಡಬೀದಿಗಳು. ನೆಲವು ಜೌಗಾದುದರಿಂದ ಬೀದಿಗಳಿಗೆಲ್ಲ ದಿಮ್ಮಿಗಳನ್ನು ಹಾಸಿದ್ದರು. ಬೀದಿಯ ಉದ್ದಕ್ಕೂ ಒಂದೇ ಮಾಡಿನ ಕೆಳಗೆ ಸಾಲುಮನೆಗಳು. ಒಟ್ಟಿನಲ್ಲಿ ನೂರಕ್ಕೂ ಮಿಕ್ಕಿ. ಪ್ರತಿಯೊಂದು ಮನೆಯೂ ಸುಮಾರು ಎಂಟು ಮೀಟರು ಅಗಲ, ಹತ್ತು ಮೀಟರು ಉದ್ದ. ಮುಂದೆ ಒಂದು ಕಿರುಕೋಣೆ, ಒಳಗೆ ಕಲ್ಲುಹಾಸಿದ ಒಲೆಯುಳ್ಳ ದೊಡ್ಡ ಕೋಣೆ. ಸೂರ್ಯನ ಬೆಳಕೂ ಶಾಖವೂ ದೊರೆಯುವಂತೆ ಬಾಗಿಲುಗಳನ್ನು ದಕ್ಷಿಣಾಭಿಮುಖವಾಗಿ ಇಟ್ಟಿದ್ದರು. ಊರಿನಲ್ಲಿ ಎಂಟುನೂರರಿಂದ ಸಾವಿರ ಜನರಿದ್ದಿರಬಹುದೆಂದು ವಿದ್ವಾಂಸರ ಅಂದಾಜು. ಕೋಟೆ, ಬೀದಿ, ಮನೆಗಳಿಗೆಲ್ಲ ಸೇರಿ ಎಂಟು ಸಾವಿರ ಘನ ಮೀಟರಿಗೂ ಹೆಚ್ಚಾದ ಮರವು ಬೇಕಾಯಿತೆಂದೂ ಲೆಕ್ಕ ಮಾಡಿದ್ದಾರೆ.

ಇಲ್ಲಿ ಒಂದು ಸಂಗತಿಯು ಎಲ್ಲರ ಗಮನವನ್ನೂ ಸೆಳೆಯಿತು. ಮನೆಗಳೆಲ್ಲ ಒಂದೇ ಅಳತೆಯವು. ಉಳಿದವಕ್ಕಿಂತ ದೊಡ್ಡದಾದ, ಅರಸನ ಅಥವಾ ನಾಯಕನ ಮನೆಯೆನ್ನತಕ್ಕ ಕಟ್ಟಡವು ಕಾಣಲಿಲ್ಲ. ಇದರಿಂದ ಅಲ್ಲಿ ಮೇಲುಕೀಳುಗಳೇ ಇರಲಿಲ್ಲವೆಂದು ಕೆಲವರು ನಿರ್ಣಯಿಸಿದುದುಂಟು. ಆದರೆ ಇಷ್ಟು ಕಾಡನ್ನು ಕಡಿಸಿ, ಇಷ್ಟು ಮರವನ್ನು ಸಾಗಿಸಿ, ನೂಲು ಹಿಡಿದಂತೆ ಬೀದಿಗಳನ್ನು ಬಿಡಿಸಬೇಕಾದರೆ ಆಜ್ಞೆ ಮಾಡುವವರು ಕೆಲವರೂ ಆಜ್ಞೆಯನ್ನು ನಡೆಸುವವರು ಹಲವರೂ ಇದ್ದಿರಲೇಬೇಕು. ಮನೆಗಳ ಸಮಾನತೆಯಿಂದ ಜನರ ಸಮಾನತೆಯನ್ನು ಊಹಿಸುವುದು ಸುಲಭ, ಸಾಧಿಸುವುದು ಕಷ್ಟ.

ಆ ಜನರ ಜೀವನವು ಕೃಷಿ ಪಶುಪಾಲನೆಗಳ ಮೇಲೆ ನಿಂತಿತ್ತು. ನವಣೆಯ ಜಾತಿಯ ಕಿರುಧಾನ್ಯ, ಗೋಧಿ, ಬಾರ್ಲಿ, ಬಟಾಣಿ, ಅವರೆಯಂತಹ ಕಾಳುಗಳು, ಅಗಸೆ, ಇವು ಅವರ ಬೆಳೆಗಳು. ದನ, ಹಂದಿ, ಕುರಿ, ಆಡು, ಕುದುರೆಗಳನ್ನು ಸಾಕುತ್ತಿದ್ದರು. ಕಂಚನ್ನು ಎರಕ ಹೊಯ್ಯುತ್ತಿದ್ದರು. ಅದಕ್ಕೆ ಬೇಕಾದ ಲೋಹವು ಆ ನೆಲದಲ್ಲಿ ದೊರೆಯತಕ್ಕದ್ದಲ್ಲ, ದೂರದೇಶಗಳಿಂದಲೇ ಬರಬೇಕು. ಕಬ್ಬಿಣದ ಉಪಯೋಗವೂ ಆಗತಾನೆ ಆರಂಭವಾಗಿತ್ತು. ಈ ಜನಸಂಸ್ಕೃತಿಗೆ ಲುಸೇಷ್ಯನ್ ಸಂಸ್ಕೃತಿಯೆಂದು ಹೆಸರು. ಪೋಲೆಂಡಿಗೂ ಜರ್ಮನಿಗೂ ನಡುವಣ ಲುಸೇಷ್ಯಾ ಎಂಬ ಪ್ರಾಂತದಲ್ಲಿ ಇದರ ಕುರುಹುಗಳು ಮೊದಲು ಗುರುತಿಸಲ್ಪಟ್ಟ ಕಾರಣ ಈ ಹೆಸರು ಬಂದಿತು. ಇವರು ಮೃತರನ್ನು ದಹಿಸಿ, ಅಸ್ಥಿಗಳನ್ನು ಮಡಕೆಗಳಲ್ಲಿಟ್ಟು ಭೂಮಿಯಲ್ಲಿ ಹೂಳುತ್ತಿದ್ದರು. ಇವರು ಬರಹವನ್ನು ಬಿಟ್ಟುಹೋಗಿಲ್ಲ. ಒಂದು ಅಕ್ಷರವಾಗಲಿ, ಒಂದು ಹೆಸರಾಗಲಿ ಉಳಿದಿಲ್ಲ. ಮುಂದಿನ ವಿವಾದಕ್ಕೆಲ್ಲ ಈ ಮೌನವೇ ಮೂಲವಾಯಿತು.

ಊರಿನ ಕಾಲವನ್ನು ಗೊತ್ತುಮಾಡಿದ ಬಗೆಯು ಸ್ವಾರಸ್ಯವಾಗಿದೆ. ಮೊದಮೊದಲು ಮಡಕೆಗಳ ಆಕಾರವನ್ನೂ ಲೋಹದ ವಸ್ತುಗಳ ಮಾದರಿಯನ್ನೂ ನೋಡಿ ಸ್ಥೂಲವಾಗಿ ಕಾಲವನ್ನು ಊಹಿಸುತ್ತಿದ್ದರು. ತರುವಾಯ ಮರದ ಉಂಗುರಗಳನ್ನು ಎಣಿಸುವ ಶಾಸ್ತ್ರವು ಬೆಳೆಯಿತು. ಮರವು ವರ್ಷಕ್ಕೊಂದು ಬಳೆಯಂತೆ ಬೆಳೆಯುತ್ತದೆ; ಒಳ್ಳೆಯ ವರ್ಷದಲ್ಲಿ ಬಳೆಯು ಅಗಲ, ಕೆಟ್ಟ ವರ್ಷದಲ್ಲಿ ಕಿರಿದು. ಒಂದು ಸೀಮೆಯ ಒಂದು ಜಾತಿಯ ಮರಗಳಲ್ಲೆಲ್ಲ ಈ ಅಗಲ ಕಿರಿದುಗಳ ಕ್ರಮವು ಬಹುಮಟ್ಟಿಗೆ ಒಂದೇ ಆಗಿರುವುದು. ಈಗಿನ ಮರದಿಂದ ಹಳೆಯ ಮನೆಯ ತೊಲೆಗೆ, ಆ ತೊಲೆಯಿಂದ ಇನ್ನೂ ಹಳೆಯ ದಿಮ್ಮಿಗೆ, ಹೀಗೆ ಕೊಂಡಿಗೆ ಕೊಂಡಿ ಹಾಕುತ್ತ ಹೋದರೆ ಸಾವಿರಾರು ವರ್ಷಗಳ ಪಂಚಾಂಗವು ಸಿದ್ಧವಾಗುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಿಸ್ಕೂಪಿನ್ನಿನ ಓಕ್ ದಿಮ್ಮಿಗಳನ್ನು ಈ ಪಂಚಾಂಗಕ್ಕೆ ಹೋಲಿಸಿ ನೋಡಲಾಗಿ, ಅವುಗಳನ್ನು ಕ್ರಿ.ಪೂ. ೭೪೭ರಿಂದ ೭೨೨ರೊಳಗೆ ಕಡಿದುದೆಂದು ಸಿದ್ಧವಾಯಿತು. ಅಷ್ಟೇ ಅಲ್ಲ, ಅರ್ಧಕ್ಕೂ ಹೆಚ್ಚಿನ ಮರಗಳನ್ನು ಕ್ರಿ.ಪೂ. ೭೩೮-೭೩೭ರ ಒಂದೇ ಚಳಿಗಾಲದಲ್ಲಿ ಉರುಳಿಸಿದ್ದರು. ಹೆಸರಿಲ್ಲದ, ಅಕ್ಷರವಿಲ್ಲದ ಒಂದು ಜನಾಂಗವು ತನ್ನ ಊರಿಗೆ ಮರ ಕಡಿದ ಚಳಿಗಾಲವು ಯಾವುದೆಂದು ಇಷ್ಟು ಕರಾರುವಾಕ್ಕಾಗಿ ತಿಳಿದುಬರುವುದು ಅಪೂರ್ವ. ಆದರೆ ಅದೇ ಜನರು ಆಡಿದ ಮಾತು ಯಾವುದೆಂದು ಯಾವ ಉಂಗುರವೂ ಹೇಳುವುದಿಲ್ಲ.

ಆದರೂ ಅದನ್ನು ಹೇಳಿಸಲು ಯತ್ನಿಸಿದವರುಂಟು. ಜರ್ಮನಿಯಲ್ಲಿ ಗುಸ್ಟಾಫ್ ಕೊಸ್ಸಿನ್ನಾ ಎಂಬ ಪಂಡಿತನಿದ್ದನು. ೧೮೫೮ರಲ್ಲಿ ಹುಟ್ಟಿ ೧೯೩೧ರಲ್ಲಿ ತೀರಿಕೊಂಡ ಈತನು ಒಂದು ಸಿದ್ಧಾಂತವನ್ನು ಪ್ರಚಾರಕ್ಕೆ ತಂದನು. ನೆಲದಲ್ಲಿ ದೊರೆಯುವ ಮಡಕೆ, ಆಯುಧ, ಗೋರಿಗಳ ಒಂದೇ ಮಾದರಿಯು ಎಷ್ಟು ಪ್ರದೇಶದಲ್ಲಿ ಹರಡಿದೆಯೋ ಅಷ್ಟೂ ಒಂದೇ ಜನಾಂಗದ ನೆಲ ಎಂಬುದು ಅದರ ಸಾರ. ಈ ನ್ಯಾಯದಿಂದ ಅವನು ಬಾಲ್ಟಿಕ್ ತೀರದ ಬಹುಭಾಗವು ಅನಾದಿಯಿಂದ ಜರ್ಮಾನಿಕ್ ಜನರದೆಂದು ವಾದಿಸಿದನು. ಮೊದಲನೆಯ ಮಹಾಯುದ್ಧವು ಮುಗಿದು, ಪೋಲೆಂಡಿನ ಗಡಿಗಳು ಚರ್ಚೆಯಲ್ಲಿದ್ದ ೧೯೧೯ರಲ್ಲಿ, ವಿಸ್ಟುಲಾ ನದಿಯ ಸೀಮೆಯು ಜರ್ಮಾನಿಕ್ ಜನರ ಪುರಾತನ ತಾಯ್ನೆಲವೆಂದು ಒಂದು ಪುಸ್ತಿಕೆಯನ್ನೇ ಬರೆದನು. ಮಡಕೆಯ ಚೂರು ಗಡಿಕಲ್ಲಾಗಿ ನಿಂತಿತು. ಅವನ ಮನೆತನದ ಹೆಸರೇ ಸ್ಲಾವ್ ಮೂಲದ್ದೆಂಬುದನ್ನು ತರುವಾಯದವರು ಆಶ್ಚರ್ಯದಿಂದ ಎತ್ತಿ ತೋರಿಸಿದ್ದಾರೆ.

ಈ ಕೊಸ್ಸಿನ್ನಾ ಪಂಡಿತನ ಬಳಿ ಬರ್ಲಿನ್ನಿನಲ್ಲಿ ಓದಿದ ಶಿಷ್ಯರಲ್ಲಿ ಕೊಸ್ತ್ಶೆಫ್ಸ್ಕಿಯೂ ಒಬ್ಬನು. ಶಿಷ್ಯನು ಗುರುವಿನ ಪದ್ಧತಿಯನ್ನು ಬಿಡಲಿಲ್ಲ. ಅವನ ನಿರ್ಣಯವನ್ನು ಮಾತ್ರ ತಲೆಕೆಳಗು ಮಾಡಿದನು. ಲುಸೇಷ್ಯನ್ ಸಂಸ್ಕೃತಿಯ ಜನರು ಸ್ಲಾವರ ಪೂರ್ವಿಕರೇ; ಆದುದರಿಂದ ಈ ನೆಲವು ಅನಾದಿಯಿಂದ ಸ್ಲಾವರದು ಎಂದು ಅವನು ಪ್ರತಿಪಾದಿಸಿದನು. ಬಿಸ್ಕೂಪಿನ್ ಕೋಟೆಯು ಅವನ ವಾದಕ್ಕೆ ಭವ್ಯವಾದ ಸಾಕ್ಷಿಯಾಗಿ ಕಂಡಿತು. ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಪರರ ಅಧೀನದಲ್ಲಿದ್ದು ಆಗತಾನೆ ಸ್ವತಂತ್ರರಾಗಿದ್ದ ಜನರಿಗೆ, ತಮ್ಮ ಪೂರ್ವಿಕರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಕೋಟೆ ಕಟ್ಟಿ ಶತ್ರುಗಳನ್ನು ತಡೆದು ನಿಂತಿದ್ದರೆಂಬ ಮಾತು ಅಮೃತದಂತೆ ರುಚಿಸಿದುದರಲ್ಲಿ ಸೋಜಿಗವಿಲ್ಲ. ಅವರ ಆನಂದವನ್ನು ಹಳಿಯುವಂತಿಲ್ಲ. ವಾದವನ್ನು ಮಾತ್ರ ಪರೀಕ್ಷಿಸಬೇಕು.

೧೯೩೯ರ ಸೆಪ್ಟೆಂಬರಿನಲ್ಲಿ ಜರ್ಮನಿಯು ಪೋಲೆಂಡಿನ ಮೇಲೆ ದಂಡೆತ್ತಿ ಬಂದಿತು. ಈ ಪ್ರಾಂತವನ್ನು ಜರ್ಮನ್ ರಾಜ್ಯಕ್ಕೆ ಸೇರಿಸಿಕೊಂಡರು. ಪೊಜ್ನಾನ್ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಪೋಲಿಷ್ ಜನರನ್ನು ಮನೆಮಠಗಳಿಂದ ಹೊರಡಿಸಿದರು. ಕೊಸ್ತ್ಶೆಫ್ಸ್ಕಿಯು ಹೆಸರು ಮರೆಸಿಕೊಂಡು ಯುದ್ಧಕಾಲವನ್ನು ಅಜ್ಞಾತವಾಸದಲ್ಲಿ ಕಳೆದನು. ಬಿಸ್ಕೂಪಿನ್ ಗ್ರಾಮದ ಹೆಸರನ್ನೇ ‘ಉರ್‌ಷ್ಟೆಟ್’, ಎಂದರೆ ಆದಿಸ್ಥಾನ, ಎಂದು ಬದಲಾಯಿಸಿದರು. ೧೯೪೦ರಿಂದ ೧೯೪೨ರವರೆಗೆ ನಾಜಿ ಪಕ್ಷದ ಎಸ್.ಎಸ್. ಸಂಸ್ಥೆಗೆ ಸೇರಿದ, ‘ಪೂರ್ವಿಕರ ಪರಂಪರೆ’ ಎಂಬರ್ಥದ ಹೆಸರುಳ್ಳ ಶೋಧಕ ಮಂಡಲಿಯು ಅಲ್ಲಿ ಅಗೆತವನ್ನು ನಡೆಸಿತು. ಅದರ ಮುಖ್ಯಸ್ಥನಾದ ಹಾನ್ಸ್ ಶ್ಲೈಫ್ ಎಂಬಾತನು ಗ್ರೀಸಿನ ಒಲಿಂಪಿಯಾ ಕ್ಷೇತ್ರದಲ್ಲಿ ಕೆಲಸ ಮಾಡಿದ್ದ ನಿಪುಣ. ಕುಶಲತೆಗೆ ಕೊರತೆಯಿರಲಿಲ್ಲ, ಆದರೆ ಸಾಧಿಸಬೇಕಾದ ನಿರ್ಣಯವು ಅಗೆತಕ್ಕೆ ಮೊದಲೇ ಸಿದ್ಧವಾಗಿತ್ತು. ಸ್ಲಾವರ ಸಾಕ್ಷಿಯೆಂದು ನಿನ್ನೆ ನಿಂತಿದ್ದ ದಿಮ್ಮಿಗಳು ಜರ್ಮಾನಿಕ್ ಜನರ ಮೇಲ್ಮೆಯನ್ನು ಹೇಳತೊಡಗಿದವು.

ಸಂಸ್ಕೃತವನ್ನು ಬಲ್ಲವರಿಗೆ ಇಲ್ಲಿ ಒಂದು ವಿಶೇಷವಾದ ವ್ಯಥೆಗೆ ಕಾರಣವುಂಟು. ನಾಜಿಗಳು ತಮ್ಮ ಕುಲದ ಹಿರಿಮೆಯನ್ನು ಸಾರುವುದಕ್ಕೆ ಆರಿಸಿಕೊಂಡ ಶಬ್ದವು ‘ಆರ್ಯ’. ಪ್ರಾಚೀನ ಕಾವ್ಯನಾಟಕಗಳಲ್ಲಿ ಪೂಜ್ಯನನ್ನೂ ಸದಾಚಾರಸಂಪನ್ನನನ್ನೂ ಸಂಬೋಧಿಸುವ ಮಾತದು. ಹೊರದೇಶದ ಪಂಡಿತರು ಅದನ್ನು ಮೊದಲು ಒಂದು ಭಾಷಾವರ್ಗಕ್ಕೆ ಹೆಸರಾಗಿ ಬಳಸಿದರು; ಆಮೇಲೆ ಬಂದವರು ರಕ್ತಕ್ಕೆ ಹೆಸರಾಗಿ ಮಾಡಿದರು. ಆದರೆ ಭಾಷೆಯ ಬಂಧುತ್ವವನ್ನೇ ಎಣಿಸುವುದಾದರೆ ನಾಜಿಗಳು ಕೀಳೆಂದು ತುಳಿದ ಪೋಲಿಷ್ ಭಾಷೆಯೂ ಸಂಸ್ಕೃತಕ್ಕೆ ನೆಂಟನೇ. ಪೋಲಿಷ್ ರೈತನು ಬೆಂಕಿಗೆ ‘ಓಗ್ಯೆನ್’ ಎನ್ನುತ್ತಾನೆ, ಅದು ಅಗ್ನಿ. ಹೊಗೆಗೆ ‘ದಿಮ್’ ಎನ್ನುತ್ತಾನೆ, ಅದು ಧೂಮ. ಜೇನಿಗೆ ‘ಮ್ಯೂದ್’ ಎನ್ನುತ್ತಾನೆ, ಅದು ಮಧು. ವಿಧವೆಗೆ ‘ವ್ದೋವಾ’ ಎನ್ನುತ್ತಾನೆ. ಸೋದರನಿಗೆ ‘ಬ್ರಾತ್’ ಎನ್ನುತ್ತಾನೆ. ಅವನ ‘ದೋಮ್’ ಎಂಬ ಮನೆಯು ವೇದದ ‘ದಮ’ವೇ. ಇಷ್ಟಿದ್ದರೂ ಈ ಬಂಧುತ್ವವು ಮಾತಿನದು, ರಕ್ತದ್ದಲ್ಲ. ಮಾತು ಒಬ್ಬರಿಂದ ಒಬ್ಬರಿಗೆ ಕಲಿಕೆಯಿಂದ ಬರುವುದು. ಜನರು ನೆಲವನ್ನು ಬಿಟ್ಟರೂ ಮಾತನ್ನು ಒಯ್ಯುವರು, ನೆಲದಲ್ಲಿಯೇ ಉಳಿದರೂ ಮಾತನ್ನು ಬದಲಾಯಿಸುವರು. ಇದನ್ನು ಮರೆತುದರಿಂದಲೇ ಇಷ್ಟು ಅನರ್ಥವು ನಡೆಯಿತು.

ಯುದ್ಧದಲ್ಲಿ ಸೋತು ಹಿಂದಿರುಗುವಾಗ ಜರ್ಮನರು ಅಗೆತದ ಸ್ಥಳವನ್ನು ಹಾಳುಮಾಡುವ ಉದ್ದೇಶದಿಂದ ಅದಕ್ಕೆ ನೀರು ಹಾಯಿಸಿ ಮುಳುಗಿಸಿದರೆಂದು ಪ್ರಸಿದ್ಧವಾಗಿದೆ. ಆದರೆ ಫಲವು ವಿಪರೀತವಾಯಿತು. ನೀರಿನೊಳಗಿದ್ದು ಗಾಳಿ ಸೋಕದ ಮರವು ಸಾವಿರಾರು ವರ್ಷ ಕೆಡದೆ ಉಳಿಯುವುದು. ಗಾಳಿಗೆ ಬಿದ್ದು ಒಣಗಿದ ಕ್ಷಣದಿಂದ ಅದರ ನಾಶವು ಆರಂಭವಾಗುವುದು. ವೈರಿಯು ಹಾಯಿಸಿದ ನೀರು ಮಂದಿರದ ಕದದಂತೆ ಆ ದಿಮ್ಮಿಗಳನ್ನು ಕಾಪಾಡಿತು. ಯುದ್ಧಾನಂತರ ಪೋಲಿಷ್ ವಿದ್ವಾಂಸರು ಕೆಲಸವನ್ನು ಮತ್ತೆ ಕೈಕೊಂಡು ೧೯೭೪ರವರೆಗೆ ನಡೆಸಿದರು. ರಾಯೆಫ್ಸ್ಕಿಯು ವಾರ್ಸಾ ನಗರದ ಸರಕಾರಿ ಪ್ರಾಕ್ತನ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದು ಅದೇ ವರ್ಷದಲ್ಲಿ ತೀರಿಕೊಂಡನು. ಕೊಸ್ತ್ಶೆಫ್ಸ್ಕಿಯು ಅದಕ್ಕೆ ಐದು ವರ್ಷ ಮೊದಲು, ೧೯೬೯ರಲ್ಲಿ, ತನ್ನ ಸಿದ್ಧಾಂತವನ್ನು ಬಿಡದೆಯೇ ಕಾಲವಶನಾದನು.

ಈಗ ವಿದ್ವಾಂಸರ ಮತವೇನು? ಲುಸೇಷ್ಯನ್ ಜನರ ಭಾಷೆಯು ಗೊತ್ತಿಲ್ಲವೆಂಬುದೇ ಈಗ ಬಹುಮತವಾದ ನಿರ್ಣಯ. ಸ್ಲಾವರ ಹೆಸರು ಗ್ರಂಥಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಕ್ರಿ.ಶ. ಆರನೆಯ ಶತಮಾನದಲ್ಲಿ, ಬಿಸ್ಕೂಪಿನ್ ಕೋಟೆಗೂ ಅದಕ್ಕೂ ಸಾವಿರದ ಇನ್ನೂರು ವರ್ಷಗಳ ಅಂತರವುಂಟು. ೨೦೨೫ರಲ್ಲಿ ಪ್ರಕಟವಾದ, ಪುರಾತನ ಎಲುಬುಗಳ ವಂಶಧಾತುವಿನ ಪರೀಕ್ಷೆಯು, ಆರರಿಂದ ಎಂಟನೆಯ ಶತಮಾನದವರೆಗೆ ಪೂರ್ವದಿಕ್ಕಿನಿಂದ ಮಧ್ಯ ಯೂರೋಪಿಗೆ ದೊಡ್ಡ ಜನಪ್ರವಾಹವು ಬಂದಿತೆಂದು ತೋರಿಸಿದೆ. ಮೃತರನ್ನು ದಹಿಸುತ್ತಿದ್ದ ಲುಸೇಷ್ಯನ್ ಜನರಾದರೋ ಇಂತಹ ಪರೀಕ್ಷೆಗೆ ಬೇಕಾದ ಎಲುಬುಗಳನ್ನೂ ಹೆಚ್ಚಾಗಿ ಉಳಿಸಿಲ್ಲ. ಅವರು ಊರನ್ನು ಬಿಟ್ಟುಹೋದ ಕಾರಣದ ವಿಷಯದಲ್ಲಿಯೂ ಹಲವು ಮತಗಳುಂಟು. ಸರೋವರದ ನೀರು ಏರಿತೆಂದು ಕೆಲವರು, ಸುತ್ತಣ ಕಾಡೂ ಹೊಲಗಳ ಸತ್ತ್ವವೂ ತೀರಿತೆಂದು ಕೆಲವರು, ಆಗ್ನೇಯದಿಂದ ಬಂದ ಶಕರ ದಾಳಿಯೆಂದು ಕೆಲವರು ಹೇಳುತ್ತಾರೆ. ಬಹುಕಾಲ ಕಳೆದ ಮೇಲೆ, ಮಧ್ಯಯುಗದ ಆರಂಭದಲ್ಲಿ, ಸ್ಲಾವರು ಅದೇ ಪರ್ಯಾಯದ್ವೀಪಕ್ಕೆ ಬಂದು ಮನೆ ಕಟ್ಟಿದರು. ಕೆಳಗಿನ ಊರಿನ ಸುದ್ದಿಯು ಅವರಿಗೆ ತಿಳಿದಿತ್ತೆಂದು ತೋರುವುದಿಲ್ಲ.

ಹೀಗೆ ಗುರುವಿನ ವಾದವೂ ಶಿಷ್ಯನ ವಾದವೂ ಒಂದೇ ತಳಹದಿಯ ಮೇಲೆ ನಿಂತು, ಒಟ್ಟಿಗೆ ಕುಸಿದವು. ಇಬ್ಬರೂ ಮಡಕೆಯನ್ನು ಜನಾಂಗವೆಂದು ಭ್ರಮಿಸಿದರು. ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಒಬ್ಬನ ವಾದವು ಇತರರ ನೆಲವನ್ನು ಕಸಿಯುವವರ ಕೈಗೆ ಆಯುಧವಾಯಿತು. ಇನ್ನೊಬ್ಬನದು ನೆಲವನ್ನು ಕಳೆದುಕೊಳ್ಳುವ ಭಯದಲ್ಲಿದ್ದವರ ಗುರಾಣಿಯಾಗಿತ್ತು. ತಪ್ಪು ಒಂದೇ ಆದರೂ ಅದರ ಹಿಂದಿನ ಮನಸ್ಸೂ ಮುಂದಿನ ಫಲವೂ ಬೇರೆ ಬೇರೆ. ಪೋಲೆಂಡಿನ ಜನರು ತಮ್ಮ ನೆಲದಲ್ಲಿ ಬಾಳುವ ಹಕ್ಕಿಗೆ ಎರಡೂವರೆ ಸಾವಿರ ವರ್ಷಗಳ ಹಿಂದಿನ ದಿಮ್ಮಿಯ ಸಾಕ್ಷ್ಯವು ಬೇಕಾಗಿರಲಿಲ್ಲ. ತಲೆತಲಾಂತರದಿಂದ ಅಲ್ಲಿ ಉತ್ತು ಬಿತ್ತಿ, ಅಲ್ಲಿಯೇ ತಮ್ಮವರನ್ನು ಮಣ್ಣುಮಾಡಿದ ಜನರ ಹಕ್ಕು ಅದಿಲ್ಲದೆಯೇ ಸಿದ್ಧವಾಗಿತ್ತು.

ಈಗ ಬಿಸ್ಕೂಪಿನ್ನಿನಲ್ಲಿ ವಸ್ತುಸಂಗ್ರಹಾಲಯವಿದೆ. ೧೯೯೪ರಲ್ಲಿ ಪೋಲೆಂಡ್ ಸರಕಾರವು ಈ ಸ್ಥಳವನ್ನು ರಾಷ್ಟ್ರದ ಚಾರಿತ್ರಿಕ ಸ್ಮಾರಕಗಳಲ್ಲಿ ಒಂದೆಂದು ಘೋಷಿಸಿತು. ಹೆಬ್ಬಾಗಿಲನ್ನೂ ಕೋಟೆಯ ಒಂದು ಭಾಗವನ್ನೂ ಎರಡು ಸಾಲು ಮನೆಗಳನ್ನೂ ಹಿಂದಿನಂತೆಯೇ ಮರದಿಂದ ಕಟ್ಟಿ ನಿಲ್ಲಿಸಿದ್ದಾರೆ. ೧೯೯೫ರಲ್ಲಿ ಆರಂಭವಾದ ಸೆಪ್ಟೆಂಬರ್ ತಿಂಗಳ ಉತ್ಸವದಲ್ಲಿ ಹಳೆಯ ಕುಂಬಾರಿಕೆ, ಕಂಚಿನ ಎರಕ, ನೇಯ್ಗೆಗಳನ್ನು ಮಾಡಿ ತೋರಿಸುತ್ತಾರೆ; ಶಾಲೆಯ ಮಕ್ಕಳು ಹಿಂಡುಹಿಂಡಾಗಿ ಬರುತ್ತಾರೆ. ನಿಜವಾದ ಪುರಾತನ ದಿಮ್ಮಿಗಳನ್ನು ಮಾತ್ರ ಬಹುಪಾಲು ಮತ್ತೆ ಮಣ್ಣು ನೀರುಗಳೊಳಗೆ ಮುಚ್ಚಿ, ಅಲ್ಲಿನ ನೀರಿನ ಮಟ್ಟವನ್ನೂ ಗುಣವನ್ನೂ ಶಾಸ್ತ್ರಜ್ಞರು ಎಚ್ಚರದಿಂದ ಪರೀಕ್ಷಿಸುತ್ತಿದ್ದಾರೆ. ಇನ್ನೂ ಅಗೆಯದೆ ಬಿಟ್ಟ ಭಾಗವೂ ಉಂಟು. ಮು೦ದೆ ಬರುವವರು ಈಗಿನವರಿಗಿಂತ ಉತ್ತಮವಾದ ಉಪಕರಣಗಳೊಡನೆಯೂ, ಯಾವ ಉತ್ತರವನ್ನೂ ಮೊದಲೇ ಗಂಟು ಕಟ್ಟಿಕೊಳ್ಳದ ಮನಸ್ಸಿನೊಡನೆಯೂ ಬರಲಿ ಎಂಬ ಆಶೆಯಿಂದ ಅದನ್ನು ಹಾಗೆಯೇ ಕಾದಿರಿಸುವುದು ವಿವೇಕವೇ ಸರಿ.